ಕಾಳಿ ಅಳಿವೆ ಕೆಸರಿನ ಕಿತ್ತಳೆ ಬ್ಯಾಕ್ಟೀರಿಯಾ: ಹೊಸ ಪ್ರಭೇದ ಎನ್ನಲು ಇನ್ನೇನು ಬೇಕು?

ಕಾಂಡ್ಲಾಬೇರು ಕೇಳಿದ್ದು

ಕಾರವಾರದ ಕಾಳಿ ಅಳಿವೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ಕೆಸರಿನಿಂದ ಬೇರ್ಪಡಿಸಿದ ಒಂದು ಬ್ಯಾಕ್ಟೀರಿಯಾದ ಬಗ್ಗೆ ಸಲಹೆ ಬೇಕು. ಮಾದರಿ ಮೇ ತಿಂಗಳದು, ಪೂರ್ತಿ ಇಳಿತದ ಹೊತ್ತಿನದು. ಮೂತಿ ಕತ್ತರಿಸಿದ ಸ್ಟೆರೈಲ್ ಸಿರಿಂಜ್ ಒತ್ತಿ ಮೇಲಿನ 2 ಸೆಂ.ಮೀ. ಕಂದು ಪದರವನ್ನಷ್ಟೇ ತೆಗೆದದ್ದು, ಕೆಳಗಿನ ಕಪ್ಪು ಕೆಸರು ಸೇರಿಲ್ಲ. ಆಗ ನೀರಿನ ಲವಣಾಂಶ ಸಾವಿರಕ್ಕೆ 31 ಇತ್ತು. 1 ಗ್ರಾಂ ಕೆಸರನ್ನು 9 ಮಿ.ಲೀ. ಸ್ಟೆರೈಲ್ ಸಮುದ್ರದ ನೀರಿನಲ್ಲಿ ಅರ್ಧ ಗಂಟೆ ಅಲುಗಿಸಿ, ಹತ್ತರ ಲೆಕ್ಕದಲ್ಲಿ ತೆಳು ಮಾಡುತ್ತ ಹೋಗಿ, 100 ಮೈಕ್ರೋಲೀಟರ್‌ನಂತೆ ಝೋಬೆಲ್ ಮರೈನ್ ಅಗರ್ (ಸಮುದ್ರದ ಬ್ಯಾಕ್ಟೀರಿಯಾ ಬೆಳೆಸುವ ಮಾಧ್ಯಮ) ಮೇಲೆ ಹರಡಿ, 28 ಡಿಗ್ರಿಯಲ್ಲಿ ಇಟ್ಟಿದ್ದು. 9ನೇ ದಿನ ಕಿತ್ತಳೆ ಬಣ್ಣದ, 1 ಮಿ.ಮೀ. ಅಗಲದ ಕಾಲೊನಿ ಬಂತು. ಗ್ರಾಂ ನೆಗೆಟಿವ್, ಉದ್ದ ಕಡ್ಡಿ. ಆಕ್ಸಿಡೇಸ್, ಕೆಟಲೇಸ್ ಎರಡೂ ಪಾಸಿಟಿವ್.

ಬ್ಯಾಕ್ಟೀರಿಯಾ ಗುರುತಿಸಲು ಬಳಸುವ 16ಎಸ್ ಜೀನನ್ನು 27ಎಫ್ ಪ್ರೈಮರ್‌ನಿಂದ (ಓದು ಶುರುವಾಗುವ ಡಿಎನ್‌ಎ ತುಣುಕು) ಒಂದೇ ಕಡೆ ಓದಿಸಿ 780 ಬೇಸ್ ಸಿಕ್ಕಿದೆ. ಸರಣಿ ಹೋಲಿಸುವ ಬ್ಲಾಸ್ಟ್‌ನಲ್ಲಿ ಮೊದಲ ಸಾಲುಗಳೆಲ್ಲ 'ಕಲ್ಚರ್ ಆಗದ ಬ್ಯಾಕ್ಟೀರಿಯಾ', ಆಮೇಲೆ ಫ್ಲಾವೋಬ್ಯಾಕ್ಟೀರಿಯೇಸಿ ಕುಟುಂಬದ ಒಂದು ಪ್ರಭೇದದ ಜೊತೆ ಶೇ 97.8. 98.65ಕ್ಕಿಂತ ಕಡಿಮೆ ಇದ್ದರೆ ಹೊಸ ಪ್ರಭೇದ ಎನ್ನುತ್ತಾರೆ, ಇಷ್ಟು ಸಾಕೇ? ಮರೈನ್ ಬ್ರಾತ್‌ಗೆ (ಅದೇ ಮಾಧ್ಯಮದ ದ್ರವ ರೂಪ) ಉಪ್ಪು ಸೇರಿಸದೆ ಬೆಳೆಸಿದಾಗ ಚೆನ್ನಾಗಿ ಬೆಳೆಯಿತು, ಹಾಗಾಗಿ ಶೇ 0 ಉಪ್ಪಿನಲ್ಲೂ ಬೆಳೆಯುತ್ತದೆ ಎಂದು ಬರೆದುಕೊಂಡಿದ್ದೇನೆ. ಜೀವರಾಸಾಯನಿಕ ಪರೀಕ್ಷೆಗಳ ಎಪಿಐ 20ಎನ್‌ಇ ಸ್ಟ್ರಿಪ್‌ನಲ್ಲಿ ಬಹುತೇಕ ಎಲ್ಲ ನೆಗೆಟಿವ್. ಪ್ರೋಟೀನ್ ನೋಡಿ ಗುರುತಿಸುವ ಮಾಲ್ಡಿ-ಟಾಫ್ ಯಂತ್ರ ಗುರುತೇ ಹಿಡಿಯಲಿಲ್ಲ. ಕಾರವಾರದ ಹೆಸರಿಡುವ ಆಸೆ ಇದೆ. ಕುಲದ ಹೆಸರನ್ನು ಸದ್ಯಕ್ಕೆ ಇಲ್ಲಿ ಹಾಕುತ್ತಿಲ್ಲ, ದಯವಿಟ್ಟು ಅನ್ಯಥಾ ಭಾವಿಸಬೇಡಿ.

ಹೊಯ್ಗೆದಿಬ್ಬ

ಮಾದರಿ ತೆಗೆದ ಕ್ರಮ ಸರಿಯಾಗಿದೆ. ಕಂದು ಪದರ, ಕಪ್ಪು ಪದರ ಬೇರೆ ಮಾಡಿದ್ದು ಬಹಳ ಒಳ್ಳೆಯದಾಯಿತು; ಆಮ್ಲಜನಕ ಇರುವ ಕೆಸರು ಮತ್ತು ಸಲ್ಫೈಡ್ ಕೆಸರು ಬೆರೆತರೆ ಆಮೇಲೆ ಆವಾಸದ ವಿವರ ಬರೆಯುವಾಗ ಏನೂ ಹೇಳಲಾಗುವುದಿಲ್ಲ.

ಆದರೆ 97.8ರ ಲೆಕ್ಕ ಈಗಲೇ ನಂಬಬೇಡಿ. 98.65 ಎಂಬ ಗಡಿ ಹೆಚ್ಚುಕಡಿಮೆ ಪೂರ್ತಿ ಉದ್ದದ, ಅಂದರೆ 1,400 ಬೇಸ್ ದಾಟಿದ 16ಎಸ್ ಸರಣಿಗೆ ಹೇಳಿದ್ದು. 27ಎಫ್‌ನಿಂದ ಓದಿದ 780 ಬೇಸ್‌ನಲ್ಲಿ ವಿ1ರಿಂದ ವಿ4ರವರೆಗಿನ ಭಾಗ ಬರುತ್ತದೆ. ಪ್ರಭೇದದಿಂದ ಪ್ರಭೇದಕ್ಕೆ ಹೆಚ್ಚು ಬದಲಾಗುವ ತುಣುಕುಗಳು ಅಲ್ಲೇ ಗುಂಪಾಗಿವೆ. ನಿಮ್ಮದನ್ನೇ ಲೆಕ್ಕ ಹಾಕಿ: 780ರಲ್ಲಿ ಶೇ 2.2 ಎಂದರೆ 17 ಬೇಸ್ ವ್ಯತ್ಯಾಸ. ಉಳಿದ 620 ಬೇಸ್‌ನಲ್ಲಿ ಒಂದೂ ವ್ಯತ್ಯಾಸ ಇಲ್ಲ ಎಂದಿಟ್ಟುಕೊಂಡರೆ 1,400ಕ್ಕೆ 17, ಹೋಲಿಕೆ ಶೇ 98.8. ಗಡಿ ದಾಟಿಬಿಟ್ಟಿತಲ್ಲ! ಆದ್ದರಿಂದ 27ಎಫ್, 1492ಆರ್ ಜೊತೆಗೆ ಒಳಗಿನ 785ಎಫ್, 907ಆರ್ ಪ್ರೈಮರ್‌ಗಳಿಂದಲೂ ಓದಿಸಿ, ಆರಂಭದ 40–50 ಬೇಸ್ ಕತ್ತರಿಸಿ, ನಾಲ್ಕನ್ನೂ ಜೋಡಿಸಿ. ಹೋಲಿಸುವುದು ಬ್ಲಾಸ್ಟ್‌ನ ಇಡೀ ಸಂಗ್ರಹದ ಜೊತೆ ಬೇಡ. ಅಲ್ಲಿ ತಪ್ಪು ಹೆಸರಿನ ಸರಣಿಗಳೂ ಬೇಕಷ್ಟಿವೆ. ಈಝ್‌ಬಯೋಕ್ಲೌಡ್‌ನಲ್ಲಿ ಟೈಪ್ ಸ್ಟ್ರೇನ್‌ಗಳ (ಪ್ರಭೇದದ ಹೆಸರಿಗೆ ಆಧಾರವಾದ ಮೂಲ ಕಲ್ಚರ್‌ಗಳ) ಜೊತೆ ಹೋಲಿಸಿ.

ಮಾಲ್ಡಿ-ಟಾಫ್ ಗುರುತಿಸದೇ ಇರುವುದು ಹೊಸತನದ ಸಾಕ್ಷಿ ಆಗುವುದಿಲ್ಲ. ಅದರ ಸಂಗ್ರಹ ಮುಖ್ಯವಾಗಿ ಆಸ್ಪತ್ರೆಯ ರೋಗಾಣುಗಳದ್ದು. ಸಮುದ್ರದ ಹಳೆಯ ಪ್ರಭೇದಗಳೇ ಎಷ್ಟೋ ಅದರಲ್ಲಿಲ್ಲ.

ಒಂದು ಪ್ರಶ್ನೆ: ಕ್ರೊಮ್ಯಾಟೊಗ್ರಾಂ (ಓದಿದ ಬೇಸ್‌ಗಳನ್ನು ಶಿಖರಗಳಾಗಿ ತೋರಿಸುವ ಚಿತ್ರ) ತೆರೆದು ನೋಡಿದ್ದೀರಾ? ಜೋಡಿ ಶಿಖರ ಎಲ್ಲಾದರೂ ಇದೆಯೇ?

ಕಾಂಡ್ಲಾಬೇರು

ಈಗ ನೋಡಿದೆ. 410ನೇ ಬೇಸ್‌ವರೆಗೆ ಸ್ವಚ್ಛ. ಅಲ್ಲಿಂದ ಮುಂದೆ ಎಲ್ಲ ಶಿಖರಗಳ ಕೆಳಗೂ ಇನ್ನೊಂದು ಸಣ್ಣ ಶಿಖರ ಕಾಣುತ್ತದೆ. ಸಾಫ್ಟ್‌ವೇರ್ ದೊಡ್ಡದನ್ನು ಮಾತ್ರ ಓದಿದೆ. ಕಲ್ಚರ್‌ನಲ್ಲಿ ಬೇರೆ ಬ್ಯಾಕ್ಟೀರಿಯಾ ಸೇರಿದೆ ಅಂತಲಾ?

ಹೊಯ್ಗೆದಿಬ್ಬ

ಅದೂ ಸಾಧ್ಯ, ಒಂದೇ ಬ್ಯಾಕ್ಟೀರಿಯಾದ 16ಎಸ್ ಪ್ರತಿಗಳ ವ್ಯತ್ಯಾಸವೂ ಸಾಧ್ಯ; ಎರಡರ ಲಕ್ಷಣವೂ ಬೇರೆ ಬೇರೆ. ಬೇರೆ ಬ್ಯಾಕ್ಟೀರಿಯಾ ಬೆರೆತಿದ್ದರೆ ಜೋಡಿ ಶಿಖರ ಸಾಮಾನ್ಯವಾಗಿ ಆರಂಭದ ವಿ1, ವಿ2 ಭಾಗದಿಂದಲೇ ಶುರುವಾಗುತ್ತದೆ. ಒಂದೇ ಜೀವಕೋಶದಲ್ಲಿ 16ಎಸ್‌ನ ಹಲವು ಪ್ರತಿಗಳಿದ್ದು, ಅವುಗಳಲ್ಲಿ ಒಂದರಲ್ಲಿ ಒಂದು ಬೇಸ್ ಹೆಚ್ಚೋ ಕಡಿಮೆಯೋ ಇದ್ದರೆ, ಅಲ್ಲಿಯವರೆಗೆ ಸ್ವಚ್ಛವಾಗಿದ್ದು ಅಲ್ಲಿಂದ ಮುಂದೆ ಇಡೀ ಸರಣಿ ಒಂದು ಹೆಜ್ಜೆ ಜರುಗಿ ಜೋಡಿಯಾಗುತ್ತದೆ. ನಿಮ್ಮದು ಎರಡನೆಯದರಂತೆ ಕಾಣುತ್ತಿದೆ. ಆದರೂ ಊಹೆಯ ಮೇಲೆ ಮುಂದೆ ಹೋಗಬೇಡಿ. 907ಆರ್ ಕಡೆಯಿಂದ ಓದಿಸಿ: ಪ್ರತಿಗಳ ವ್ಯತ್ಯಾಸವೇ ಕಾರಣವಾದರೆ ಆ ಕಡೆಯಿಂದ 410ನೇ ಜಾಗದವರೆಗೂ ಸ್ವಚ್ಛ ಓದು ಬರುತ್ತದೆ, ಆಮೇಲೆ ಜೋಡಿಯಾಗುತ್ತದೆ.

ಜೊತೆಗೆ ಮತ್ತೊಮ್ಮೆ ಶುದ್ಧ ಮಾಡಿ. ಬಣ್ಣದ ಕಾಲೊನಿಯ ಅಂಚಿನಲ್ಲಿ ಬಣ್ಣವಿಲ್ಲದ, ಪಾರದರ್ಶಕ ಸಂಗಾತಿ ಅಂಟಿಕೊಂಡು ಬರುವುದು ಕೆಸರಿನ ಬ್ಯಾಕ್ಟೀರಿಯಾಗಳಲ್ಲಿ ತೀರ ಸಾಮಾನ್ಯ. ಬರೀ ಗೆರೆ ಎಳೆದರೆ ಬಿಡುವುದಿಲ್ಲ, ಯಾಕೆಂದರೆ ಲೋಳೆಯಲ್ಲಿ ಎರಡೂ ಒಟ್ಟಿಗೆ ಹಿಡಿದುಕೊಂಡಿರುತ್ತವೆ. ಒಂದು ಕಾಲೊನಿಯನ್ನು 1 ಮಿ.ಲೀ. ಸ್ಟೆರೈಲ್ ಸಮುದ್ರದ ನೀರಿಗೆ ಹಾಕಿ, ನಾಲ್ಕೈದು ಸಣ್ಣ ಗಾಜಿನ ಮಣಿ ಸೇರಿಸಿ, ಒಂದು ನಿಮಿಷ ವೋರ್ಟೆಕ್ಸ್ ಮಾಡಿ, ಹತ್ತು ಲಕ್ಷದ ಒಂದು ಪಾಲಿನವರೆಗೆ ತೆಳು ಮಾಡಿ ಹರಡಿ. ತಟ್ಟೆಯನ್ನು ಎರಡು ದಿನಕ್ಕೆ ಎತ್ತಿಬಿಡಬೇಡಿ, ಎರಡು ವಾರ ಇಡಿ. ನಿಧಾನ ಬೆಳೆಯುವ ಸಂಗಾತಿ ಹತ್ತನೇ ದಿನಕ್ಕೆ ಮುಖ ತೋರಿಸಬಹುದು. ಹೀಗೆ ಮೂರು ಸುತ್ತು. ಕಾಲೊನಿ ಹರಿದು ಹಬ್ಬುತ್ತಿದ್ದರೆ ಅಗರ್ ಶೇ 2ಕ್ಕೆ ಏರಿಸಿ.

ಶುದ್ಧವಾದ ದಿನವೇ ಗ್ಲಿಸರಾಲ್‌ನಲ್ಲಿ ಹಾಕಿಡಿ. ಗ್ಲಿಸರಾಲ್ ಶೇ 20 ಇರಲಿ, ಆದರೆ ಬರೀ ನೀರಿನಲ್ಲಿ ಬೇಡ, ಮರೈನ್ ಬ್ರಾತ್‌ನಲ್ಲೇ ಕಲಸಿ. ಸಿಹಿನೀರು ತಾಗಿದರೆ ಎಷ್ಟೋ ಸಮುದ್ರದ ಜೀವಕೋಶಗಳು ಉಬ್ಬಿ ಒಡೆಯುತ್ತವೆ. ಆರು ತಿಂಗಳ ನಂತರ ತೆರೆದರೆ ಏನೂ ಬೆಳೆಯುವುದಿಲ್ಲ. ಫ್ರಿಜ್‌ನ 4 ಡಿಗ್ರಿಯ ತಟ್ಟೆಯನ್ನು ನೆಚ್ಚಿಕೊಳ್ಳಬೇಡಿ, ಈ ಕುಟುಂಬದ ಹಲವು ಕಲ್ಚರ್‌ಗಳು ಕೆಲವೇ ವಾರದಲ್ಲಿ ಸಾಯುತ್ತವೆ.

ಸಾಣಿಕಟ್ಟಾ ಉಪ್ಪು

ಉಪ್ಪಿನ ವಿಚಾರ ಹೇಳಲೇಬೇಕು. ನೀವು ಶೇ 0 ಎಂದು ಬರೆದುಕೊಂಡದ್ದು ತಪ್ಪು, ಈಗಲೇ ತಿದ್ದಿಕೊಳ್ಳಿ. ಮರೈನ್ ಬ್ರಾತ್ ಮಾಡುವ ಝೋಬೆಲ್ 2216 ಪುಡಿಯಲ್ಲಿಯೇ ಲೀಟರ್‌ಗೆ 19.45 ಗ್ರಾಂ ಸೋಡಿಯಂ ಕ್ಲೋರೈಡ್ ಇದೆ. ನೀವು ಏನೂ ಸೇರಿಸದಿದ್ದರೂ ಅದು ಹೆಚ್ಚುಕಡಿಮೆ ಶೇ 2. ಪ್ರಕಟವಾಗುವ ಹಸ್ತಪ್ರತಿಗಳಲ್ಲೂ ಈ ತಪ್ಪು ನುಸುಳುತ್ತದೆ, ಪರೀಕ್ಷಕರು ಮೊದಲು ಹಿಡಿಯುವುದೂ ಇದನ್ನೇ.

ಸರಿಯಾಗಿ ಮಾಡುವುದು ಹೀಗೆ. ಪುಡಿಯ ಡಬ್ಬಿ ಬದಿಗಿಟ್ಟು ಮಾಧ್ಯಮವನ್ನು ಕೈಯಿಂದ ಕೂಡಿಸಿ. ಲೀಟರ್‌ಗೆ ಪೆಪ್ಟೋನ್ 5 ಗ್ರಾಂ, ಯೀಸ್ಟ್ ಎಕ್ಸ್‌ಟ್ರಾಕ್ಟ್ 1 ಗ್ರಾಂ, ಫೆರಿಕ್ ಸಿಟ್ರೇಟ್ 0.1 ಗ್ರಾಂ, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಲವಣಗಳು ಡಬ್ಬಿಯ ಮೇಲಿನ ಸೂತ್ರದಲ್ಲಿ ಇರುವಷ್ಟೇ. ಸೋಡಿಯಂ ಕ್ಲೋರೈಡ್ ಮಾತ್ರ ಬಿಡಿ, ಸೋಡಿಯಂ ಸಲ್ಫೇಟ್ ಬದಲು ಮೆಗ್ನೀಸಿಯಂ ಸಲ್ಫೇಟ್ ಹಾಕಿ. ಕ್ಯಾಲ್ಸಿಯಂ ಕ್ಲೋರೈಡನ್ನು ಬೇರೆಯಾಗಿ ಆಟೋಕ್ಲೇವ್ ಮಾಡಿ ತಣಿದ ಮೇಲೆ ಸೇರಿಸಿದರೆ ಮಡ್ಡಿ ಕಟ್ಟುವುದು ತಪ್ಪುತ್ತದೆ. ಈ ಮೂಲ ದ್ರವಕ್ಕೆ ಸೋಡಿಯಂ ಕ್ಲೋರೈಡ್ ಶೇ 0, 0.5, 1, 2, 3 ಹೀಗೆ 10ರವರೆಗೆ. ಬಿತ್ತುವ ಕೋಶಗಳನ್ನು ಇದೇ ಉಪ್ಪಿಲ್ಲದ ದ್ರವದಲ್ಲಿ ಒಮ್ಮೆ ತೊಳೆಯಿರಿ. ಶೇ 0ಯಲ್ಲಿ ಬೆಳೆದಂತೆ ಕಂಡರೆ ಅದರಿಂದ ಇನ್ನೊಂದು ಶೇ 0 ನಳಿಕೆಗೆ ದಾಟಿಸಿ. ಎರಡನೇ ಸಲವೂ ಬೆಳೆದರೆ ಮಾತ್ರ ಬೆಳೆಯುತ್ತದೆ ಎನ್ನಿ. ಮೊದಲ ಸಲದ ಬೆಳವಣಿಗೆ ಜೊತೆಗೆ ಹೋದ ಉಪ್ಪಿನದ್ದೂ ಇರಬಹುದು.

ನಿಮ್ಮ ಜಾಗಕ್ಕೆ ಈ ಪರೀಕ್ಷೆ ಬರೀ ಶಾಸ್ತ್ರಕ್ಕಲ್ಲ. ಮೇ ತಿಂಗಳಲ್ಲಿ ಕಾಳಿಯ ಬಾಯಿ ಸಮುದ್ರವೇ. ಮುಂಗಾರು ಹಿಡಿದ ಮೇಲೆ ಅದೇ ಕಾಂಡ್ಲಾ ಬುಡದಲ್ಲಿ ಹೊಳೆಯ ಸಿಹಿನೀರು ಹರಿಯುತ್ತದೆ. ಅಲ್ಲಿ ವರ್ಷವಿಡೀ ಬದುಕುವ ಜೀವಿಯೋ, ಬೇಸಿಗೆಯ ಭರತದ ಜೊತೆ ಬಂದು ಹೋಗುವುದೋ ಎಂಬುದಕ್ಕೆ ಮೊದಲ ಸುಳಿವು ಈ ನಳಿಕೆಗಳ ಸಾಲಿನಲ್ಲೇ ಸಿಗುತ್ತದೆ.

ಬೆಳವಣಿಗೆಯನ್ನು 600 ನ್ಯಾನೋಮೀಟರ್‌ನಲ್ಲಿ ಅಳೆಯುವಾಗ ಬ್ರಾತ್‌ನ ಮಡ್ಡಿಯನ್ನೂ ಯಂತ್ರ ಓದುತ್ತದೆ. ಬಿತ್ತದ ನಳಿಕೆಯನ್ನು ಪ್ರತಿ ಉಪ್ಪಿಗೂ ಪ್ರತಿ ಪಿಎಚ್‌ಗೂ ಬೇರೆ ಬೇರೆ ಇಡಿ. ಪಿಎಚ್‌ಗೆ ಫಾಸ್ಫೇಟ್ ಬಫರ್ ಬೇಡ, ಮೆಗ್ನೀಸಿಯಂ ಜೊತೆ ಸೇರಿ ತಳಕ್ಕೆ ಕೂರುತ್ತದೆ. 5.5–6ಕ್ಕೆ ಎಂಇಎಸ್, 7–8ಕ್ಕೆ ಹೆಪೆಸ್, 9 ದಾಟಿದರೆ ಚೆಸ್, 20ರಿಂದ 50 ಮಿಲಿಮೋಲಾರ್. ಆಟೋಕ್ಲೇವ್ ಆದ ಮೇಲೆ ಪಿಎಚ್ ಮತ್ತೆ ನೋಡಿ, ಜಾರಿರುತ್ತದೆ.

ಎಪಿಐ ಎಲ್ಲ ನೆಗೆಟಿವ್ ಬಂದದ್ದಕ್ಕೂ ಇದೇ ಕಾರಣ ಇರಬಹುದು. ಕಿಟ್‌ನ ಪುಸ್ತಿಕೆಯಂತೆ ಶೇ 0.85 ಸಲೈನ್‌ನಲ್ಲಿ ಕಲಸಿದ್ದೀರಾ? ಹಾಗಿದ್ದರೆ ಕೋಶಗಳು ಅರೆಜೀವ. ಶೇ 2–3 ಕೃತಕ ಸಮುದ್ರ ಲವಣದಲ್ಲಿ ಕಲಸಿ, 28 ಡಿಗ್ರಿಯಲ್ಲಿ ಇಟ್ಟು, 24 ಗಂಟೆಗೂ 48 ಗಂಟೆಗೂ ಓದಿ. ಆಕ್ಸಿಡೇಸ್‌ಗೆ ಕಬ್ಬಿಣ ಬೆರೆತ ತಂತಿಯ ಲೂಪ್ ಬಳಸಿದ್ದರೆ ಹುಸಿ ಪಾಸಿಟಿವ್ ಬರುತ್ತದೆ. ಮರದ ಹಲ್ಲುಕಡ್ಡಿಯಿಂದ ಮತ್ತೆ ಮಾಡಿ, 10 ಸೆಕೆಂಡಿನೊಳಗೆ ಬಂದ ನೇರಳೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಕಿತ್ತಳೆ ಬಣ್ಣ ಎಂದಿರಿ. ಫ್ಲೆಕ್ಸಿರೂಬಿನ್ ಎಂಬ ವರ್ಣದ್ರವ್ಯದ ಪರೀಕ್ಷೆ ಎರಡು ನಿಮಿಷದ ಕೆಲಸ, ಈ ಕುಟುಂಬದ ವಿವರಣೆಯಲ್ಲಿ ಅದು ಇರಲೇಬೇಕು. ಲೂಪ್ ತುಂಬ ಕೋಶ ತೆಗೆದು ಬಿಳಿ ಹಿನ್ನೆಲೆಯ ಗಾಜಿನ ಪಟ್ಟಿಯ ಮೇಲೆ ಎರಡು ಕಡೆ ಇಡಿ. ಒಂದರ ಮೇಲೆ ಶೇ 20ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ, ಇನ್ನೊಂದರ ಮೇಲೆ ನೀರು. ಫ್ಲೆಕ್ಸಿರೂಬಿನ್ ಇದ್ದರೆ ಕಿತ್ತಳೆ ಕೆಂಗಂದಿಗೋ ನೇರಳೆಗೋ ತಿರುಗುತ್ತದೆ. ಮೇಲೆ ಆಮ್ಲದ ಹನಿ ಬಿಟ್ಟರೆ ಹಳೆಯ ಬಣ್ಣ ಮರಳಿ ಬರಬೇಕು. ಬರೀ ಕ್ಯಾರೊಟಿನಾಯ್ಡ್ ಆದರೆ ಬಣ್ಣ ಕದಲುವುದೇ ಇಲ್ಲ. ಪಕ್ಕದ ನೀರಿನ ಹನಿ ಇಲ್ಲದಿದ್ದರೆ ಕಣ್ಣು ಮೋಸ ಹೋಗುತ್ತದೆ, ಅದನ್ನು ಬಿಡಬೇಡಿ.

ಮುರಕಲ್ಲು

ಇಬ್ಬರೂ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಪ್ರಭೇದ ಬೇರೆಯೋ ಅಲ್ಲವೋ ಎಂದು ತೀರ್ಮಾನ ಆಗುವುದು ಜೀನೋಮ್‌ನಲ್ಲಿ. 16ಎಸ್ ಯಾರ ಜೊತೆ ಹೋಲಿಸಬೇಕೆಂದು ಹೇಳುತ್ತದೆ, ಅಷ್ಟೇ. ವಿಬ್ರಿಯೋ ಕುಲವನ್ನು ನೋಡಿ, ಶೇ 99 ದಾಟಿದ 16ಎಸ್ ಹೋಲಿಕೆ ಇದ್ದರೂ ಬೇರೆ ಬೇರೆ ಪ್ರಭೇದಗಳಿವೆ. ನಿಮ್ಮ ಪೂರ್ತಿ ಉದ್ದದ ಸರಣಿ 98.8ಕ್ಕೆ ಹೋದರೂ ನಿರಾಶರಾಗಬೇಕಿಲ್ಲ, 97.5ಕ್ಕೆ ಇಳಿದರೂ ಜೀನೋಮ್ ತಪ್ಪುವುದಿಲ್ಲ.

ಗಡಿಗಳು: ಸರಾಸರಿ ನ್ಯೂಕ್ಲಿಯೊಟೈಡ್ ಹೋಲಿಕೆ, ಅಂದರೆ ಎಎನ್‌ಐ, ಶೇ 95–96ಕ್ಕಿಂತ ಕೆಳಗೆ; ಡಿಜಿಟಲ್ ಡಿಎನ್‌ಎ-ಡಿಎನ್‌ಎ ಹೈಬ್ರಿಡೈಸೇಶನ್ ಶೇ 70ಕ್ಕಿಂತ ಕೆಳಗೆ. ಎರಡನೆಯದನ್ನು ಜಿಜಿಡಿಸಿ ತಾಣದಲ್ಲಿ ಲೆಕ್ಕ ಹಾಕಿದಾಗ ಮೂರು ಸೂತ್ರದ ಉತ್ತರ ಬರುತ್ತದೆ. ಡ್ರಾಫ್ಟ್ ಜೀನೋಮ್‌ಗೆ ಎರಡನೇ ಸೂತ್ರ ಬಳಸಿ, ಅದು ಜೀನೋಮ್ ಉದ್ದವನ್ನು ಅವಲಂಬಿಸುವುದಿಲ್ಲ. ಹತ್ತಿರದ ಒಂದೇ ಪ್ರಭೇದದ ಜೊತೆ ಹೋಲಿಸಿ ಕೈತೊಳೆದುಕೊಳ್ಳಬೇಡಿ. ಕುಲದ ಟೈಪ್ ಪ್ರಭೇದ ಮತ್ತು ಹತ್ತಿರದ ಎಲ್ಲ ಟೈಪ್ ಸ್ಟ್ರೇನ್‌ಗಳ ಜೊತೆ ಮಾಡಿ, ಏಕೆಂದರೆ 16ಎಸ್‌ನಲ್ಲಿ ಮೂರನೇ ಸ್ಥಾನದಲ್ಲಿದ್ದದ್ದು ಎಎನ್‌ಐಯಲ್ಲಿ ಮೊದಲಿಗೆ ಬರುವುದುಂಟು.

ಸೀಕ್ವೆನ್ಸಿಂಗ್‌ಗೆ ದೊಡ್ಡ ಪ್ಯಾಕೇಜ್ ಬೇಡ. 4 ಮೆಗಾಬೇಸ್ ಜೀನೋಮ್‌ಗೆ 50 ಪಟ್ಟು ಎಂದರೆ 200 ಮೆಗಾಬೇಸ್ ದತ್ತಾಂಶ. 1 ಗಿಗಾಬೇಸ್ ತೆಗೆದರೆ ಧಾರಾಳ. ತೊಂದರೆ ಕೊಡುವುದು ಡಿಎನ್‌ಎ. ಲೋಳೆ ಬಿಡುವ ಕಲ್ಚರ್‌ನಲ್ಲಿ ಪಾಲಿಸ್ಯಾಕರೈಡ್ ಜೊತೆಗೇ ಇಳಿದು ಬರುತ್ತದೆ, 260/280 ಅನುಪಾತ 1.8 ತೋರಿಸಿದರೂ 260/230 ಕುಸಿದಿರುತ್ತದೆ. ಹೆಚ್ಚು ಉಪ್ಪಿನಲ್ಲಿ, ಪಾಲಿಸ್ಯಾಕರೈಡ್ ತೆಗೆಯುವ ಸಿಟ್ಯಾಬ್ ಹಂತ ಸೇರಿಸಿ, ಪ್ರಮಾಣವನ್ನು ಕ್ಯೂಬಿಟ್‌ನಲ್ಲಿ ಅಳೆಯಿರಿ. ಜೋಡಣೆ ಆದ ಮೇಲೆ ಗುಣಮಟ್ಟ ನೋಡುವ ಚೆಕ್‌ಎಂ ತಂತ್ರಾಂಶ ಓಡಿಸಿ: ಪೂರ್ಣತೆ ಶೇ 95ರ ಮೇಲೆ, ಬೆರಕೆ ಶೇ 5ರ ಕೆಳಗೆ. ಆಮೇಲೆ ಜೀನೋಮ್‌ನಲ್ಲಿರುವ 16ಎಸ್ ತೆಗೆದು ಮೊದಲು ಪ್ರೈಮರ್‌ಗಳಿಂದ (ಸ್ಯಾಂಗರ್ ವಿಧಾನ) ಓದಿದ್ದರ ಜೊತೆ ತಾಳೆ ನೋಡಿ. ತಾಳೆಯಾಗದಿದ್ದರೆ ನಳಿಕೆ ಅದಲುಬದಲಾಗಿದೆ ಅಥವಾ ಕಲ್ಚರ್ ಶುದ್ಧವಿಲ್ಲ. ಆ 410ನೇ ಜಾಗದ ಗೊಂದಲ ಬಗೆಹರಿಸಲು ಉದ್ದ ಓದಿನ ಸೀಕ್ವೆನ್ಸಿಂಗ್ ಬೇಕಾಗಬಹುದು, ಸಣ್ಣ ಓದುಗಳು 16ಎಸ್‌ನ ಎಲ್ಲ ಪ್ರತಿಗಳನ್ನೂ ಒಂದಾಗಿ ಮಡಚಿಬಿಡುತ್ತವೆ. ವಂಶವೃಕ್ಷವನ್ನು ಯುಬಿಸಿಜಿ ತಂತ್ರಾಂಶದ 92 ಜೀನ್‌ಗಳಿಂದ ಕಟ್ಟಿದರೆ ಸಾಕು.

ರಾಸಾಯನಿಕ ಲಕ್ಷಣಗಳಲ್ಲಿ ಈ ಕುಟುಂಬಕ್ಕೆ ನಿರೀಕ್ಷೆ ಗೊತ್ತಿರುವಂಥದ್ದು: ಮುಖ್ಯ ಕ್ವಿನೋನ್ ಎಂಕೆ-6, ಧ್ರುವೀಯ ಲಿಪಿಡ್‌ಗಳಲ್ಲಿ ಫಾಸ್ಫಾಟಿಡೈಲ್‌ಎಥನೊಲಮೈನ್, ಕೊಬ್ಬಿನಾಮ್ಲಗಳಲ್ಲಿ ಐಸೊ-ಸಿ15:0 ಮತ್ತು ಅದರ ಬಳಗ. ಎಂಕೆ-7 ಮುಖ್ಯವಾಗಿ ಬಂದರೆ ಮತ್ತೆ ಶುದ್ಧತೆಯನ್ನೇ ಅನುಮಾನಿಸಿ. ಕೊಬ್ಬಿನಾಮ್ಲಕ್ಕೆ 40 ಮಿ.ಗ್ರಾಂ ಹಸಿ ಕೋಶ, ಲಿಪಿಡ್ ಮತ್ತು ಕ್ವಿನೋನ್‌ಗೆ ಸೇರಿ ಫ್ರೀಜ್-ಡ್ರೈ ಮಾಡಿದ 300 ಮಿ.ಗ್ರಾಂ ಇಟ್ಟುಕೊಳ್ಳಿ. ಪಕ್ಕದ ಪ್ರಭೇದದ ಟೈಪ್ ಸ್ಟ್ರೇನನ್ನು ಅದೇ ಮಾಧ್ಯಮದಲ್ಲಿ, ಅದೇ ಉಷ್ಣತೆಯಲ್ಲಿ, ಅದೇ ವಯಸ್ಸಿಗೆ ನಿಮ್ಮ ಕೈಯಲ್ಲೇ ಬೆಳೆಸಿ ಜೊತೆಜೊತೆಗೆ ಪರೀಕ್ಷಿಸಬೇಕು. ಹಳೆಯ ಪ್ರಬಂಧದ ಕೋಷ್ಟಕದಿಂದ ಅಂಕಿ ಎತ್ತಿ ತಂದು ಹೋಲಿಸುವುದು ನ್ಯಾಯವಲ್ಲ. ಉಷ್ಣತೆ ಐದು ಡಿಗ್ರಿ ಬದಲಾದರೂ ಕೊಬ್ಬಿನಾಮ್ಲದ ಅನುಪಾತ ಬದಲಾಗುತ್ತದೆ. ಟೈಪ್ ಸ್ಟ್ರೇನ್ ಹೊರದೇಶದಿಂದ ಬರಲು ತಿಂಗಳುಗಳೇ ಹಿಡಿಯಬಹುದು, ಆರ್ಡರ್ ಇವತ್ತೇ ಹಾಕಿ.

ಗಜನಿಗದ್ದೆ

ಹೆಸರು ಮತ್ತು ಠೇವಣಿ ಬಗ್ಗೆ ಯಾರೂ ಬರೆದಿಲ್ಲ. ಕೆಲಸ ವರ್ಷಗಟ್ಟಲೆ ನಿಂತುಹೋಗುವುದು ಇಲ್ಲಿಯೇ.

2001ರ ಜನವರಿ 1ರಿಂದ ನಿಯಮ ಇದು: ಟೈಪ್ ಸ್ಟ್ರೇನ್‌ನ ಜೀವಂತ ಕಲ್ಚರ್ ಕನಿಷ್ಠ ಎರಡು ಬೇರೆ ದೇಶಗಳ ಎರಡು ಸಾರ್ವಜನಿಕ ಸಂಗ್ರಹಗಳಲ್ಲಿ ಇರಬೇಕು, ಕೇಳಿದವರಿಗೆ ಸಿಗಬೇಕು. ಇಲ್ಲಿ ಪುಣೆಯ ಎನ್‌ಸಿಎಂಆರ್ ಅಥವಾ ಚಂಡೀಗಡದ ಎಂಟಿಸಿಸಿ. ಹೊರಗೆ ಜರ್ಮನಿಯ ಡಿಎಸ್‌ಎಂಝಡ್, ಜಪಾನಿನ ಜೆಸಿಎಂ, ಕೊರಿಯಾದ ಕೆಸಿಟಿಸಿ. ನಮ್ಮ 2002ರ ಜೀವವೈವಿಧ್ಯ ಕಾಯ್ದೆಯ 39ನೇ ಕಲಮಿನ ಪ್ರಕಾರ ಹೊಸ ಪ್ರಭೇದವನ್ನು ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ ಮಾದರಿ ಇಡಬೇಕು. ಹೊರದೇಶಕ್ಕೆ ಕಳಿಸುವ ಮೊದಲು ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ವಿಧಿವಿಧಾನ ಮುಗಿಸಿ. ಠೇವಣಿಗೆ ನಿರ್ಬಂಧ ಅಂಟಿಕೊಂಡರೆ, ಅಂದರೆ ಸಂಗ್ರಹ ಅದನ್ನು ಮುಕ್ತವಾಗಿ ಹಂಚಲಾಗದಿದ್ದರೆ, ಹೆಸರು ಸಿಂಧುವಾಗುವುದಿಲ್ಲ. ಬ್ಯಾಕ್ಟೀರಿಯಾ ಹೆಸರುಗಳ ಅಧಿಕೃತ ಪತ್ರಿಕೆ ಐಜೆಎಸ್‌ಇಎಂ ಠೇವಣಿಯ ಪ್ರಮಾಣಪತ್ರ ಕೇಳುತ್ತದೆ. ಬೇರೆ ಪತ್ರಿಕೆಯಲ್ಲಿ ಪ್ರಕಟಿಸಿದರೂ ಐಜೆಎಸ್‌ಇಎಂನ ಸಿಂಧುತ್ವ ಪಟ್ಟಿಗೆ ಬಂದ ಮೇಲೆಯೇ ಹೆಸರಿಗೆ ಅಧಿಕೃತ ಸ್ಥಾನ. 2022ರಲ್ಲಿ ಬಂದ ಸೀಕ್‌ಕೋಡ್ ಎಂಬ ಬೇರೆ ನಾಮಕರಣ ನಿಯಮಾವಳಿ ಜೀನೋಮನ್ನೇ ಟೈಪ್ ಎಂದು ಒಪ್ಪುತ್ತದೆ, ಆದರೆ ಜೀವಂತ ಕಲ್ಚರ್ ಕೈಯಲ್ಲಿ ಇರುವವರು ಅದನ್ನು ಕೊಟ್ಟೇ ಹೆಸರಿಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಾರವಾರದ ಹೆಸರು ಚೆಂದ. ಆದರೆ ಕೊನೆಯ ಪ್ರತ್ಯಯ ಕುಲದ ಲಿಂಗಕ್ಕೆ ಹೊಂದಬೇಕು. ಕುಲದ ಹೆಸರು 'ಬ್ಯಾಕ್ಟೀರಿಯಂ' ಎಂದು ಮುಗಿದರೆ ಅದು ನಪುಂಸಕ ಲಿಂಗ, 'ಕಾರವಾರೆನ್ಸೆ' ಆಗುತ್ತದೆ. 'ಬ್ಯಾಕ್ಟರ್' ಪುಲ್ಲಿಂಗ, 'ಎಲ್ಲಾ', 'ಮೊನಾಸ್' ಸ್ತ್ರೀಲಿಂಗ, ಇವಕ್ಕೆಲ್ಲ 'ಕಾರವಾರೆನ್ಸಿಸ್'. ಅದೇ ಕುಲದಲ್ಲಿ ಹೆಸರು ಮೊದಲೇ ಇದೆಯೇ ಎಂದು ಹೆಸರುಗಳ ಪಟ್ಟಿ ಇಡುವ ಎಲ್‌ಪಿಎಸ್‌ಎನ್ ತಾಣದಲ್ಲಿ ನೋಡಿ.

ಒಂದೇ ಸ್ಟ್ರೇನ್‌ನಿಂದ ಪ್ರಭೇದ ವಿವರಿಸುವುದಕ್ಕೆ ಅಡ್ಡಿ ಇಲ್ಲ, ನಾನು ಮಾತ್ರ ಇನ್ನೂ ಒಂದೆರಡು ಹುಡುಕಿ ಎನ್ನುತ್ತೇನೆ. ಪ್ರಭೇದದ ಒಳಗಿನ ವೈವಿಧ್ಯ ತಿಳಿಯದೆ 'ಈ ಪ್ರಭೇದ ಜೆಲಟಿನ್ ಕರಗಿಸುತ್ತದೆ' ಎಂದು ಬರೆದರೆ ಅದು ಒಂದು ನಳಿಕೆಯ ಗುಣ ಮಾತ್ರ.

ಮುರಕಲ್ಲು

ಇದಕ್ಕೆ ನನ್ನದೊಂದು ತಕರಾರು. ಎರಡನೇ ಸ್ಟ್ರೇನ್‌ಗೆ ಕಾಯುತ್ತ ಮೊದಲನೆಯದೂ ಪ್ರಕಟವಾಗದೆ ಉಳಿಯಬಾರದು. ಒಂದು ಮಳೆಗಾಲ, ಒಂದು ಬೇಸಿಗೆ ಹುಡುಕಿ, ಸಿಗದಿದ್ದರೆ ಒಂದರಲ್ಲೇ ಮುಗಿಸಿ.

ಹುಡುಕುವ ದಾರಿ ಇದೆ. ನಿಮ್ಮ 16ಎಸ್‌ನ ಬದಲಾಗುವ ಭಾಗದಿಂದ ಈ ಸ್ಟ್ರೇನ್‌ಗೆ ಮಾತ್ರ ಹೊಂದುವ ಪ್ರೈಮರ್ ಜೋಡಿ ಮಾಡಿಸಿ, ಹೊಸ ತಟ್ಟೆಗಳ ಕಿತ್ತಳೆ ಕಾಲೊನಿಗಳನ್ನೆಲ್ಲ ಪಿಸಿಆರ್‌ನಲ್ಲಿ ಜಾಲಿಸಿ. ಕಾಳಿಯ ಜೊತೆಗೆ ಗಂಗಾವಳಿ, ಅಘನಾಶಿನಿಯ ಕಾಂಡ್ಲಾ ಕೆಸರೂ ನೋಡಿ. ಮಾದರಿಗೆ ಮುನ್ನ ಅರಣ್ಯ ಇಲಾಖೆಯ ಅನುಮತಿ ತೆಗೆದುಕೊಳ್ಳಿ. ಮರೈನ್ ಅಗರನ್ನು ಹತ್ತನೇ ಒಂದು ಪಾಲಿನ ಪೋಷಕಾಂಶದಲ್ಲಿ ಮಾಡಿ. ಫಾಸ್ಫೇಟ್ ಸೇರಿಸುವ ಮಾಧ್ಯಮವಾದರೆ ಅದನ್ನು ಅಗರ್‌ನ ಜೊತೆ ಆಟೋಕ್ಲೇವ್ ಮಾಡಬೇಡಿ. ಎರಡೂ ಒಟ್ಟಿಗೆ ಬಿಸಿಯಾದರೆ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿ ಸೂಕ್ಷ್ಮ ಜೀವಿಗಳು ತಟ್ಟೆಯಲ್ಲಿ ಏಳುವುದೇ ಇಲ್ಲ. ಬೇರೆ ಬೇರೆ ಮಾಡಿ 50 ಡಿಗ್ರಿಗೆ ತಣಿದ ಮೇಲೆ ಕೂಡಿಸಿ. ಬೂಷ್ಟು ಹೆಚ್ಚಾದರೆ ಮಿ.ಲೀ.ಗೆ 50 ಮೈಕ್ರೋಗ್ರಾಂ ಸೈಕ್ಲೊಹೆಕ್ಸಿಮೈಡ್.

ಕಾಂಡ್ಲಾಬೇರು

ಸಲೈನ್‌ನಲ್ಲೇ ಕಲಸಿದ್ದೆ, ಎಪಿಐ ಮತ್ತೆ ಮಾಡುತ್ತೇನೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಇವತ್ತೇ ಹಾಕಿದೆ: ಕೆಂಗಂದು ಬಂತು, ಆಮ್ಲಕ್ಕೆ ಮತ್ತೆ ಕಿತ್ತಳೆ ಆಯಿತು. ಮೂರು ಸುತ್ತಿನ ಶುದ್ಧೀಕರಣ ಶುರು ಮಾಡಿದ್ದೇನೆ. ಗ್ಲಿಸರಾಲ್ ನಳಿಕೆ ಎಷ್ಟು ಇಡಬೇಕು?

ಹೊಯ್ಗೆದಿಬ್ಬ

ಹಾಗಿದ್ದರೆ ಫ್ಲೆಕ್ಸಿರೂಬಿನ್ ಪಾಸಿಟಿವ್ ಎಂದು ದಿನಾಂಕ ಹಾಕಿ ಬರೆದಿಡಿ, ಪಟ್ಟಿಯ ಫೋಟೊವನ್ನೂ ತೆಗೆದಿಡಿ.

ನಳಿಕೆ ಕನಿಷ್ಠ 20, ಒಂದೇ ಬ್ಯಾಚಿನಲ್ಲಿ. ಹತ್ತು ನಿಮ್ಮ ಮೈನಸ್ 80 ಫ್ರೀಜರ್‌ನಲ್ಲಿ, ಹತ್ತು ಬೇರೆ ಕಟ್ಟಡದ ಫ್ರೀಜರ್‌ನಲ್ಲಿ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಕರೆಂಟು ಗೊತ್ತಲ್ಲ. ಸಾಧ್ಯವಾದರೆ ಐದಾರು ಆಂಪೂಲ್ ಫ್ರೀಜ್-ಡ್ರೈ ಮಾಡಿಸಿ. ವಾರ ಬಿಟ್ಟು ಒಂದು ನಳಿಕೆ ತೆರೆದು ಹರಡಿ ನೋಡಿ: ಬೆಳೆದರೆ ಮಾತ್ರ ಉಳಿದ ನಳಿಕೆಗಳನ್ನು ನಂಬಿ.